ಉಪ್ಪು ಕೇಳೋಕೆ ಹೋದ ಗುರು

ಹೊಳೆ ದಂಡೇಲಿ ಒಂದು ಯೆಹೂದಿ ಕೇರಿ. ಅಲ್ಲಿ ರಬ್ಬಿ ಹಿಲ್ಕಿಯಾ ಅಂತ ಗುರುಗಳು, ಅವರ ಜೊತೆ ಬರೂಕ್ ಅಂತ ಒಬ್ಬ ಶಿಷ್ಯ. ಬರೂಕ್‌ಗೆ ಶಾಸ್ತ್ರ ಎಲ್ಲಾ ಬಾಯಿಪಾಠ. ಬುದ್ಧಿ ಮಾತ್ರ ಇನ್ನೂ ದಾರೀಲಿತ್ತು.

ಒಂದು ಶುಕ್ರವಾರ ಗುರುಗಳು ಅವನ ಕೈಗೆ ಎರಡು ರೊಟ್ಟಿ ಕೊಟ್ರು.

"ಹಗ್ಗ ಹೊಸೀತಿದ್ದ ನಫ್ತಾಲಿ ಮನೇಲಿ ಎರಡು ದಿನದಿಂದ ಒಲೆ ಹಚ್ಚಿಲ್ಲ. ಹೊತ್ತು ಮುಳುಗಿದ್ರೆ ಸಬ್ಬತ್ ಹಬ್ಬ. ಹಬ್ಬದ ದಿನಾನೂ ಹಸ್ಕೊಂಡಿರಬಾರದು."

ಬರೂಕ್ ಹೋದಷ್ಟೇ ಬೇಗ ರೊಟ್ಟಿ ಸಮೇತ ವಾಪಸ್ ಬಂದ.

"ಬೇಡ ಅಂದ ಗುರುಗಳೇ. ಬಾಗಿಲು ಹಾಕ್ಕೊಂಡ."

"ನೀನು ಏನಂದೆ?"

"ಅಜ್ಜಾ, ದಾನದ ರೊಟ್ಟಿ ತಂದಿದೀನಿ ಅಂದೆ. ವಯಸ್ಸಾಗಿದೆ, ಕಿವಿ ಕೇಳುತ್ತೋ ಇಲ್ವೋ ಅಂತ ಸ್ವಲ್ಪ ಜೋರಾಗೇ ಅಂದೆ."

"ಎಷ್ಟು ಜೋರಾಗಿ?"

"ಪಕ್ಕದ ಮನೆಯವರು ಆಚೆ ಬಂದ್ರು. ಎದುರುಗಡೆಯವರೂ."

"ಆಮೇಲೆ?"

"ದಾನ ತಗೊಳ್ಳೋದು ನಾಚಿಕೆ ಅಲ್ಲ ಅಂತ ಶಾಸ್ತ್ರ ಹೇಳ್ದೆ."

"ಅದೂ ಜೋರಾಗೇನಾ?"

ಬರೂಕ್ ತಲೆ ಕೆರ್ಕೊಂಡ.

ಗುರುಗಳು ಬೈಯಲಿಲ್ಲ. ರೊಟ್ಟೀನ ಬಟ್ಟೇಲಿ ಸುತ್ತಿ ಕಂಕುಳಲ್ಲಿ ಇಟ್ಕೊಂಡು, "ನಡಿ" ಅಂದ್ರು.

ನಫ್ತಾಲಿ ಮನೆ ಕೇರೀಲಿ ಕೊನೇದು. ಹೆಂಡತಿ ಸತ್ತು ವರ್ಷ ಆಗಿತ್ತು. ಅವತ್ತಿಂದ ಆ ಬಾಗಿಲು ತಟ್ಟಿದ ಮೊದಲನೆಯವನು ಬರೂಕ್.

ಗುರುಗಳು ಮೆಲ್ಲಗೆ ತಟ್ಟಿದ್ರು.

"ನಫ್ತಾಲಿ, ನಾನು ಕಣಯ್ಯಾ, ಹಿಲ್ಕಿಯಾ. ಒಂಚೂರು ಉಪ್ಪಿದ್ರೆ ಕೊಡ್ತೀಯಾ?"

ತುಂಬ ಹೊತ್ತಾದ್ಮೇಲೆ ಬಾಗಿಲು ಒಂದು ಬೆರಳಷ್ಟು ತೆರೀತು.

"ಉಪ್ಪಾ?"

"ಸಬ್ಬತ್ ರೊಟ್ಟೀನ ಉಪ್ಪಿಗೆ ಅದ್ದಿ ತಾನೇ ಬಾಯಿಗಿಡಬೇಕು. ಇನ್ನೊಂದೂ ಬೇಕು. ಮೂರು ಜನ ಕೂತು ಉಂಡ್ರೆ ಮಾತ್ರ ಊಟ ಆದ್ಮೇಲೆ 'ಸ್ತುತಿ ಹೇಳೋಣ' ಅಂತ ಪ್ರಾರ್ಥನೆಗೆ ಕರೆ ಕೊಡಬಹುದು. ನಾವಿಬ್ರೇ ಇದೀವಿ. ಇವನನ್ನ ಅರ್ಧ ಅಂತ ಇಟ್ಕೊ."

ಮುದುಕ ಬರೂಕ್‌ನ ಮೇಲಿಂದ ಕೆಳಗೆ ನೋಡಿದ.

"ಇವನು ಉಣ್ಣುವಾಗಲೂ ಕೂಗ್ತಾನಾ?"

"ಬಾಯಲ್ಲಿ ರೊಟ್ಟಿ ಇದ್ರೆ ಕೂಗಲ್ಲ."

ಬಾಗಿಲು ಪೂರ್ತಿ ತೆರೀತು.

ನಫ್ತಾಲಿ ಮರದ ಬಟ್ಟಲಲ್ಲಿ ಉಪ್ಪು ತಂದಿಟ್ಟ. ದೀಪ ಹಚ್ಚಿದ. ರೊಟ್ಟಿ ಮುರಿದು ಇಬ್ಬರಿಗೂ ಕೊಟ್ಟು, ಆಮೇಲೆ ತಾನು ತಿಂದ. ಊಟ ಮುಗಿದ್ಮೇಲೆ ಗುರುಗಳು, "ಮನೆ ಯಜಮಾನ ನೀನು, ನೀನೇ ಕರೆ ಕೊಡು" ಅಂದ್ರು.

ಮುದುಕ ಶುರು ಮಾಡ್ದ. "ಸ್ತುತಿ ಹೇಳೋಣ" ಅಂದವನು ಅಲ್ಲಿಗೇ ನಿಲ್ಲಿಸಿ ಇಬ್ಬರ ಮುಖ ನೋಡಿದ. ಹೇಳೋಣ ಅನ್ನೋಕೆ ಒಂದು ವರ್ಷದಿಂದ ಎದುರಿಗೆ ಯಾರೂ ಇರ್ಲಿಲ್ಲ.

ಇಬ್ಬರೂ ಕಾದ್ರು. ಅವನು ಇನ್ನೊಂದ್ಸಲ ಹೇಳ್ದ.

ವಾಪಸ್ ಬರುವಾಗ ಬರೂಕ್‌ಗೆ ತಡ್ಕೊಳ್ಳೋಕೆ ಆಗ್ಲಿಲ್ಲ.

"ಗುರುಗಳೇ, ನಮ್ಮ ಅಡುಗೆಮನೇಲಿ ಒಂದು ಜಾಡಿ ಉಪ್ಪಿದೆ."

"ಇದೆ."

"ಮತ್ತೆ ಆ ಮುದುಕನ ಹತ್ರ ಯಾಕೆ ನಾಟಕ ಆಡಿದ್ರಿ?"



"ಉಪ್ಪು ನಮ್ಮನೇಲಿತ್ತು ಕಣೋ. ಮೂರನೆಯವನು ಇರ್ಲಿಲ್ಲ."