ಮಾವಾ ಎಂಬ ಕೂಗು

"ಗುರುಗಳೇ, ಸುಳ್ಳೆಂದು ಗೊತ್ತಿರುವ ಭಯ ಯಾಕೆ ಹೋಗುವುದಿಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. "ಯಾವ ಭಯವಪ್ಪಾ?" ಎಂದರು.

"ಮಠದ ಮುಂದಿನ ಹೊಳೆಯ ದೋಣಿಯದು. ಹತ್ತಿದರೆ ಮುಳುಗುತ್ತದೆ ಅನ್ನಿಸುತ್ತದೆ. ಈ ಕಡವಿನಲ್ಲಿ ಇದುವರೆಗೆ ಒಂದು ದೋಣಿಯೂ ಮುಳುಗಿಲ್ಲ, ಅದು ನನಗೆ ಗೊತ್ತು. ಅಂಬಿಗನನ್ನೇ ಕೇಳಿ ತಿಳಿದುಕೊಂಡಿದ್ದೇನೆ. ಜಪ ಮಾಡಿದೆ, ಉಪವಾಸ ಮಾಡಿದೆ, ದಡದಲ್ಲಿ ಕೂತು ದೋಣಿಯನ್ನು ನೋಡಿ ನೋಡಿ ಅಭ್ಯಾಸ ಮಾಡಿಕೊಂಡೆ. ಆಚೆ ದಡದಿಂದ ಎಷ್ಟು ಸಲ ಹೇಳಿಕಳಿಸಿದರೂ ಹೋಗಲಾಗದೆ ನಾಲ್ಕು ವರ್ಷವಾಯಿತು. ಭಯ ಇದ್ದ ಹಾಗೆಯೇ ಇದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ."

ಗುರುಗಳು ಇನ್ನೊಂದು ಹಣ್ಣು ಬಿಡಿಸಿದರು. ಆಮೇಲೆ ಈ ಕತೆ ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಒಬ್ಬ ಮೀನುಗಾರನಿದ್ದ. ಅವನಿಗೆ ತಾಟೆಯ ಭಯ. ತಾಟೆ ಎಂದರೆ ಶಾರ್ಕ್ ಮೀನು. ಆ ಊರಿನ ನೀರಿಗೆ ಬರುತ್ತಿದ್ದವು ಸಣ್ಣ ತಾಟೆಗಳು, ಹೆಚ್ಚೆಂದರೆ ಮೊಳದುದ್ದ. ಅವನು ಕಂಡಂತೆ, ಅವನ ಅಜ್ಜ ಕಂಡಂತೆ, ಅವು ಯಾರನ್ನೂ ಕಚ್ಚಿರಲಿಲ್ಲ. ಅದರ ಸಾರನ್ನು ಬಾಣಂತಿಯರಿಗೆ ಕೊಡುತ್ತಿದ್ದರು. ಇವನೂ ನೆಲದ ಮೇಲೆ ಕೂತಿದ್ದರೆ ತಾಟೆಯ ಸಾರನ್ನು ಮೂರು ಸಲ ಬಡಿಸಿಕೊಂಡು ತಿನ್ನುತ್ತಿದ್ದ. ದೋಣಿ ಹತ್ತಿದ ಕೂಡಲೇ ಬೇರೆ ಮನುಷ್ಯನಾಗುತ್ತಿದ್ದ. ಕಾಲನ್ನು ಮಡಿಚಿ ಕೂರುತ್ತಿದ್ದ. ನೀರಿನೊಳಗೆ ಒಂದು ನೆರಳು ಹಾದರೆ ಅವನ ಬಾಯಿ ಒಣಗುತ್ತಿತ್ತು. ಕೈ ತೊಳೆಯಲು ಮನೆಯಿಂದ ಚೊಂಬಿನಲ್ಲಿ ನೀರು ಒಯ್ಯುತ್ತಿದ್ದ. ಸುತ್ತಲೂ ಸಮುದ್ರ, ಮಧ್ಯದಲ್ಲಿ ಇವನ ಚೊಂಬು! ಯಾರಾದರೂ ಕೇಳಿದರೆ, ಉಪ್ಪುನೀರಿಗೆ ಕೈ ಒಡೆಯುತ್ತದೆ ಎನ್ನುತ್ತಿದ್ದ.

ಈ ಭಯ ಯಾವಾಗ ಬಂತು, ಯಾಕೆ ಬಂತು ಎಂದು ಅವನಿಗೇ ಗೊತ್ತಿರಲಿಲ್ಲ. ಹುಡುಕಿದರೂ ಕಾರಣ ಸಿಗುತ್ತಿರಲಿಲ್ಲ. ಕಾರಣ ಇಲ್ಲದ್ದರಿಂದಲೇ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಬಿರುಗಾಳಿಗೆ ಹೆದರಿದೆ ಎಂದರೆ ಊರು ಒಪ್ಪುತ್ತದೆ. ಬಾಣಂತಿ ತಿನ್ನುವ ಮೀನಿಗೆ ಹೆದರಿದೆ ಎಂದರೆ ಒಪ್ಪುತ್ತದೆಯೇ? ಹೀಗಾಗಿ ಮೂವತ್ತು ವರ್ಷ ಅವನು ಮುಚ್ಚಿಟ್ಟುಕೊಂಡೇ ದುಡಿದ.

ಆ ಊರಿನವರಿಗೆ ಒಂದು ಪದ್ಧತಿ ಇತ್ತು. ನೆಲದ ಮೇಲೆ ತಾಟೆ ಎನ್ನಬಹುದು. ದೋಣಿ ನೀರಿಗಿಳಿದ ಮೇಲೆ ಆ ಹೆಸರು ಎತ್ತುವಂತಿಲ್ಲ. ಕತ್ತಲಾದ ಮೇಲೆ ಹಾವನ್ನು ಹುಳ ಎನ್ನುತ್ತೇವಲ್ಲ, ಹಾಗೆ. ಸಮುದ್ರದ ಮೇಲೆ ಅದನ್ನು 'ಮಾವ' ಎನ್ನಬೇಕು. ಮಾವ ಎದುರು ಬಂದರೆ ಅಳಿಯ ದಾರಿ ಬಿಡಬೇಕಲ್ಲವೇ, ಅದಕ್ಕೆ. ಒಂದು ದೋಣಿಯವನು ತಾಟೆಯನ್ನು ಕಂಡರೆ "ಮಾವಾ!" ಎಂದು ಕೂಗುತ್ತಿದ್ದ. ಬಲೆ ಹರಿಯದಿರಲಿ ಎಂದು ಉಳಿದವರು ಬಲೆ ಎಳೆದುಕೊಳ್ಳುತ್ತಿದ್ದರು. ಅಷ್ಟೇ ಅದರ ಅರ್ಥ. ನಿಜವಾದ ಮಾವ ಜೊತೆಯಲ್ಲಿದ್ದರೆ ಅವನನ್ನು ಸಮುದ್ರದ ಮೇಲೆ ಮಾವ ಎನ್ನದೆ "ಹ್ವಾಯ್" ಎಂದು ಕರೆಯುತ್ತಿದ್ದರು.

ಈ ಮೀನುಗಾರನಿಗೆ ಒಬ್ಬಳೇ ಮಗಳು. ಅವಳನ್ನು ಅದೇ ಊರಿನವನಿಗೆ ಕೊಟ್ಟಿದ್ದ. ಅಳಿಯ ಮನೆಯಲ್ಲೇ ಇದ್ದ. ಇಬ್ಬರೂ ಒಂದೊಂದು ಸಣ್ಣ ದೋಣಿಯಲ್ಲಿ ಹೋಗುತ್ತಿದ್ದರು. ನೀರಿಗಿಳಿದು ಮಾಡುವ ಕೆಲಸವನ್ನೆಲ್ಲ ಅಳಿಯನೇ ಮಾಡುತ್ತಿದ್ದ. ಮಾವ ಯಾಕೆ ಇಳಿಯುವುದಿಲ್ಲ ಎಂದು ಒಂದು ದಿನವೂ ಕೇಳಿರಲಿಲ್ಲ.

ಒಂದು ಬೆಳಿಗ್ಗೆ ಅಳಿಯನ ಬಲೆ ನೀರೊಳಗಿನ ಬಂಡೆಗೆ ಸಿಕ್ಕಿಕೊಂಡಿತು. ಬಿಡಿಸಲು ಅವನು ನೀರಿಗೆ ಹಾರಿದ. ಬಲೆಯ ಹಗ್ಗ ಅವನ ಕಾಲಿಗೆ ಸುತ್ತಿಕೊಂಡಿತು. ಅಲೆ ಎದ್ದಾಗಲೆಲ್ಲ ಹಗ್ಗ ಅವನನ್ನು ಕೆಳಗೆ ಎಳೆಯುತ್ತಿತ್ತು. ದೋಣಿಯ ಅಂಚನ್ನು ಒಂದು ಕೈಯಲ್ಲಿ ಹಿಡಿದು ಅವನು ಕೂಗಿದ. ಬಾಯಲ್ಲಿ ನೀರು, ಎದೆಯಲ್ಲಿ ಜೀವಭಯ. ಸಮುದ್ರದ ಪದ್ಧತಿ ಯಾರಿಗೆ ನೆನಪಿರುತ್ತದೆ? ಮನೆಯಲ್ಲಿ ಕರೆಯುವಂತೆಯೇ ಕರೆದ. "ಮಾವಾ! ಮಾವಾ!"

ಮೀನುಗಾರ ದೂರದ ತನ್ನ ದೋಣಿಯಲ್ಲಿದ್ದ. ಕೂಗು ಕೇಳಿ ತಲೆ ಎತ್ತಿದ. ಮತ್ತೆ ಆ ಕಡೆ ನೋಡಲೂ ಇಲ್ಲ. ಬಲೆಯನ್ನು ಅಲ್ಲೇ ಬಿಟ್ಟು, ದೋಣಿ ತಿರುಗಿಸಿ, ದಡ ಮುಟ್ಟುವವರೆಗೂ ಹುಟ್ಟು ಹಾಕಿದ. ಅಷ್ಟು ಬೇಗ ಅವನು ಎಂದೂ ದಡಕ್ಕೆ ಬಂದಿರಲಿಲ್ಲ.

ಮರಳಿನ ಮೇಲೆ ಮಗಳು ಮೀನಿನ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದಳು. "ಅಪ್ಪಯ್ಯ, ಅವ್ರ್ ಎಲ್ಲಿ?" ಎಂದಳು.

"ಬತ್ತ. ಮಾವಾ ಅಂದ್ ಕೂಗ್ದ. ನಾನ್ ದೋಣಿ ತಿರ್ಗ್ಸ್ದೆ," ಎಂದ.

ಮಗಳು ಅವನ ಮುಖ ನೋಡಿದಳು. "ಅವ್ರ್ ನಿಮ್ಮನ್ನ್ ಬೇರೆ ಎಂತ ಅಂದ್ ಕರೀಬೇಕ್ ಅಪ್ಪಯ್ಯ?" ಎಂದಳು.

ಆಗ ಅವನಿಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಅವನು ಮರಳಿ ದೋಣಿ ಹತ್ತಿದ ಎಂದು ನಾನು ಹೇಳಿದ್ದರೆ ಕತೆ ಚೆನ್ನಾಗಿರುತ್ತಿತ್ತು. ಅವನು ಹತ್ತಲಿಲ್ಲ. ಹುಟ್ಟು ಹಿಡಿದುಕೊಂಡು ನಿಂತಲ್ಲೇ ನಿಂತ. ನೀರಿನೊಳಗೆ ಇರುವುದು ಅಳಿಯ ಎಂದು ತಲೆ ಹೇಳುತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ಮಗಳು ಅವನ ಕೈಯಿಂದ ಹುಟ್ಟು ಕಿತ್ತುಕೊಂಡಳು. ನೆರೆಯವನೊಬ್ಬನ ಕೈಗೆ ಅದನ್ನು ಕೊಟ್ಟು, ಅವನ ಜೊತೆ ದೋಣಿಯನ್ನು ತಾನೇ ನೀರಿಗೆ ತಳ್ಳಿದಳು. ತಂದೆ ನೋಡುತ್ತಾ ನಿಂತಿದ್ದ.

ಅಳಿಯನನ್ನು ಜೀವಸಹಿತ ತಂದರು. ಹಗ್ಗ ಅವನ ಕಾಲಿನ ಹರಡಿನಲ್ಲಿ ಮೂಳೆಯವರೆಗೂ ಇಳಿದಿತ್ತು. ಗಾಯ ಮಾಯಿತು, ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಏನಾಯಿತು ಎಂದು ಊರಿನವರು ಕೇಳಿದರೆ ಅಳಿಯ ಒಂದೇ ಮಾತು ಹೇಳುತ್ತಿದ್ದ. "ಗಾಳಿ ಜೋರಿತ್ತ್ ಮಾರ್ರೆ. ಮಾವಂಗೆ ಕೇಳ್ಲಿಲ್ಲ."

ಆ ದಿನ ಗಾಳಿಯೇ ಇರಲಿಲ್ಲ. ಊರಿಗೆಲ್ಲ ಅದು ಗೊತ್ತಿತ್ತು. ಯಾರೂ ಎದುರಾಡಲಿಲ್ಲ, ತಲೆಯಾಡಿಸಿ ಹೋಗುತ್ತಿದ್ದರು. ಆ ತಲೆಯಾಡಿಸುವುದನ್ನು ಕಂಡರೆ ಮೀನುಗಾರನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಬೈದಿದ್ದರೆ ಬದುಕುತ್ತಿದ್ದ. ಅಳಿಯನ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು, ಅವನ ಕಾಲು ಕಣ್ಣಿಗೆ ಬೀಳಬೇಕು. ಮಗಳು ಅನ್ನ ಬಡಿಸುತ್ತಿದ್ದಳು. ಆದರೆ ಅಪ್ಪಯ್ಯ ಎನ್ನುವುದನ್ನು ಬಿಟ್ಟಿದ್ದಳು.

ಇನ್ನು ಈ ಭಯವನ್ನು ಓಡಿಸದೆ ನೀರಿಗಿಳಿಯುವುದಿಲ್ಲ ಎಂದು ಅವನು ಹಟ ತೊಟ್ಟ. ಮಂತ್ರ ಹಾಕುವವನ ಬಳಿ ಹೋಗಿ ತಾಯಿತ ಕಟ್ಟಿಸಿಕೊಂಡ. ಊರಿನ ಮುದುಕರನ್ನೆಲ್ಲ ಕೂರಿಸಿಕೊಂಡು, ತಾಟೆಯಿಂದ ಸತ್ತವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದ. ಇಲ್ಲ ಎಂದರು. ಮೀನು ಇಳಿಸುವ ಜಾಗಕ್ಕೆ ಹೋಗಿ ತಾಟೆಗಳನ್ನು ತನ್ನ ಮೊಳದಿಂದ ಅಳೆದ. ಸತ್ತ ತಾಟೆಯ ಬಾಯೊಳಗೆ ಬೆರಳಿಟ್ಟು ಹಲ್ಲು ಸವರಿದ. ಸಂಜೆ ಮನೆಗೆ ಬಂದು, "ಇವತ್ತ್ ಸ್ವಲ್ಪ ಕಮ್ಮಿ ಇತ್ತ್," ಎನ್ನುತ್ತಿದ್ದ, ಜ್ವರದ ವಿಷಯ ಹೇಳಿದ ಹಾಗೆ. ಮನೆಯಲ್ಲಿ ದಿನವೂ ಅವನ ಭಯದ್ದೇ ಮಾತು. ಹೀಗೆ ಒಂದು ವರ್ಷ ಕಳೆಯಿತು. ಆ ಒಂದು ವರ್ಷ ಅಳಿಯ ಕುಂಟುತ್ತಾ ಒಬ್ಬನೇ ಸಮುದ್ರಕ್ಕೆ ಹೋಗಿ ಎಲ್ಲರ ಹೊಟ್ಟೆ ಹೊರೆದ. ಮೀನುಗಾರನಿಗೆ ಅದು ಹೊಳೆಯಲೇ ಇಲ್ಲ. ಅವನು ಭಯ ಓಡಿಸುವ ಕೆಲಸದಲ್ಲಿದ್ದನಲ್ಲ!

ಒಂದು ಬೆಳಿಗ್ಗೆ ಅವನು ಮುದುಕರನ್ನು ಕಾಣಲು ದಡದ ಮೇಲೆ ಹೋಗುತ್ತಿದ್ದ. ಅಳಿಯ ದೋಣಿಯನ್ನು ನೀರಿಗೆ ತಳ್ಳುತ್ತಿದ್ದ. ಅವತ್ತಿನ ಅಲೆಗೆ ಅದು ಒಬ್ಬನ ಕೈಲಿ ಆಗುವ ಕೆಲಸವಲ್ಲ. ತಳ್ಳಿದ, ಅಲೆ ಹಿಂದಕ್ಕೆ ತಂದು ಹಾಕಿತು. ಮತ್ತೆ ತಳ್ಳಿದ, ಮತ್ತೆ ತಂದು ಹಾಕಿತು. ಮೂರನೆಯ ಸಲ ಊನಗಾಲು ಜಾರಿ ಅವನು ಮಂಡಿಯೂರಿ ಬಿದ್ದ. ಬಿದ್ದವನು ಅತ್ತಿತ್ತ ನೋಡಿದ. ಮಾವ ಕಂಡ. ಕರೆಯಲು ಬಾಯಿ ತೆರೆದವನು ಕರೆಯದೆ ತಲೆ ತಗ್ಗಿಸಿಕೊಂಡು ಮತ್ತೆ ದೋಣಿಗೆ ಹೆಗಲು ಕೊಟ್ಟ.

ಒಂದು ವರ್ಷ ಪಟ್ಟ ನಾಚಿಕೆ ಒಂದು ಕಡೆ, ಆ ಕ್ಷಣದ ನಾಚಿಕೆ ಒಂದು ಕಡೆ. ತನ್ನನ್ನು ಕರೆದು ಪ್ರಯೋಜನವಿಲ್ಲ ಎಂದು ಈ ಹುಡುಗ ಕಲಿತುಬಿಟ್ಟಿದ್ದಾನೆ. ಮೀನುಗಾರ ಹತ್ತಿರ ಹೋಗಿ ದೋಣಿಯ ಇನ್ನೊಂದು ಬದಿ ಹಿಡಿದ. ಹಿಡಿದುಕೊಂಡೇ ಹೇಳಿದ. "ಅವತ್ತ್ ನಂಗೆ ಕೇಳಿತ್ತ್."

"ಗೊತ್ತಿತ್ತ್. ನೀವ್ ತಲೆ ಎತ್ತಿದ್ದ್ ಕಂಡಿದ್ದೆ," ಎಂದ ಅಳಿಯ.

ಮೀನುಗಾರ ಅತ್ತ. ಬಹಳ ಹೊತ್ತು ಅತ್ತ. ಅಳಿಯ ಸಮಾಧಾನ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕಣ್ಣೊರೆಸಿಕೊಂಡ ಮೇಲೆ ಮೀನುಗಾರ, "ಭಯ ಇನ್ನೂ ಹೋಯ್ಲಿಲ್ಲ ಮಾರಾಯ," ಎಂದ. ಅಳಿಯ ಅಲೆ ನೋಡುತ್ತಾ, "ಅದೂ ಬರ್ಲಿ. ದೋಣಿಯಗೆ ಜಾಗ ಇತ್ತಲ್ದಾ? ಈಗ ತಳ್ಳಿ, ನೀರ್ ಇಳಿತಾ ಇತ್ತ್," ಎಂದ. ಇಬ್ಬರೂ ತಳ್ಳಿದರು. ದೋಣಿ ಅಲೆ ದಾಟಿತು.

ಅಂದಿನಿಂದ ಮೀನುಗಾರ ತನ್ನ ದೋಣಿಯನ್ನೂ ಇಳಿಸಿದ. ಅಳಿಯನಿಗೆ ಒಂದು ಮಾತು ಹೇಳಿದ. ಇನ್ನು ಮೇಲೆ ಸಮುದ್ರದಲ್ಲೂ ನನ್ನನ್ನು ಹ್ವಾಯ್ ಎನ್ನಬೇಡ, ಮಾವ ಎಂದೇ ಕರೆ ಎಂದ. ಪದ್ಧತಿ ಮುರಿದನೆಂದು ಊರಿನವರು ಗೊಣಗಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನಿಗೆ ಈಗ "ಮಾವಾ" ಎಂಬ ಕೂಗು ಕೇಳಿದರೆ ಅದು ತಾಟೆಯೋ, ತಾನೋ ಗೊತ್ತಾಗುತ್ತಿರಲಿಲ್ಲ. ಎರಡಕ್ಕೂ ದೋಣಿಯನ್ನು ಕೂಗಿದ ಕಡೆಗೇ ತಿರುಗಿಸುತ್ತಿದ್ದ. ಎದೆ ಮೊದಲಿನಂತೆಯೇ ಹೊಡೆದುಕೊಳ್ಳುತ್ತಿತ್ತು. ಬಾಯಿ ಮೊದಲಿನಂತೆಯೇ ಒಣಗುತ್ತಿತ್ತು. ನೀರಿನ ಚೊಂಬನ್ನೂ ಅವನು ಬಿಟ್ಟಿರಲಿಲ್ಲ.

ಒಂದು ದಿನ ಅಳಿಯನ ದೋಣಿಯ ಬಳಿ ನಿಜವಾಗಿಯೇ ಒಂದು ತಾಟೆ ಹಾದಿತು. ಆ ಊರಿನವರು ಅಂಥದನ್ನು ಕಂಡಿರಲಿಲ್ಲ, ಆಳುದ್ದ ಇತ್ತು. ಅಳಿಯ ಹಳೆಯ ಅಭ್ಯಾಸಬಲದಿಂದ "ಮಾವಾ!" ಎಂದು ಕೂಗಿದ. ಸುತ್ತಲಿನ ದೋಣಿಗಳೆಲ್ಲ ಬಲೆ ಎಳೆದುಕೊಂಡು ಹಿಂದೆ ಸರಿದವು. ಒಂದೇ ಒಂದು ದೋಣಿ ಎದುರಿನಿಂದ ನೆಟ್ಟಗೆ ಬಂತು. ಅದರೊಳಗೆ ಮೀನುಗಾರ ಗಡಗಡ ನಡುಗುತ್ತಾ, ಹಲ್ಲು ಕಟಕಟ ಎನ್ನಿಸುತ್ತಾ, ಕಣ್ಣಲ್ಲಿ ನೀರು ಸುರಿಸಿಕೊಂಡು ಹುಟ್ಟು ಹಾಕುತ್ತಿದ್ದ. ತಾಟೆ ಅವನ ದೋಣಿಯ ಅಡಿಯಲ್ಲೇ ಹಾದುಹೋಯಿತು. ಅವನು ಕಾಲು ಮಡಿಚಿಕೊಂಡ, ಹುಟ್ಟು ನಿಲ್ಲಿಸಲಿಲ್ಲ.

ಅಳಿಯ ದೋಣಿಯಲ್ಲಿ ಕ್ಷೇಮವಾಗಿ ಕೂತಿದ್ದ. "ನಿಮ್ಮನ್ನ್ ಅಲ್ಲ ಮಾವಾ, ಅವ್ರನ್ನ್!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ಲ ದೋಣಿಯವರೂ ನಕ್ಕರು. ಮೂವತ್ತು ವರ್ಷ ಮುಚ್ಚಿಟ್ಟದ್ದನ್ನು ಅವತ್ತು ಊರೆಲ್ಲ ಕಣ್ಣಾರೆ ಕಂಡಿತು. ಅವನು ನಡುಗುತ್ತಲೇ ಕೂತಿದ್ದ. ನಡುಗುವುದನ್ನು ಅಡಗಿಸಿಕೊಳ್ಳಬೇಕು ಎಂದು ಅವನಿಗೆ ಅನ್ನಿಸಲಿಲ್ಲ. ದಡದಲ್ಲಿ ಕತೆ ಕೇಳಿದ ಮಗಳೂ ನಕ್ಕಳು. ಅವಳು ನಕ್ಕದ್ದನ್ನು ಅವನು ನೋಡಿ ಬಹಳ ದಿನವಾಗಿತ್ತು.

ಗುರುಗಳು ಕತೆ ನಿಲ್ಲಿಸಿ, ಬಿಡಿಸಿದ ಹಣ್ಣನ್ನು ಭರಣಿಗೆ ತುಂಬತೊಡಗಿದರು.

ಶಿಷ್ಯ ಭರಣಿಯನ್ನು ಹತ್ತಿರ ಸರಿಸಿ ಹಿಡಿದುಕೊಂಡ. "ಹಾಗಾದರೆ ಗುರುಗಳೇ, ಕೊನೆಗೂ ಅವನ ಭಯ ಹೋಗಲೇ ಇಲ್ಲವೇ?" ಎಂದು ಕೇಳಿದ.

ಗುರುಗಳು ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಕೈ ಒರೆಸಿಕೊಂಡು, ಅವನ ಮುಖ ನೋಡಿ ಕೇಳಿದರು:

"ನಾಲ್ಕು ವರ್ಷದ ದೋಣಿಯ ಭಯವನ್ನೆಲ್ಲ ಹೇಳಿದೆಯಪ್ಪಾ, ಆಚೆ ದಡದಲ್ಲಿ ನಿನ್ನನ್ನು ಕರೆಯುತ್ತಿರುವವರು ಯಾರು?"