ಅತಿಥಿ ಬಟನ್

ಯಾರು ಯಾವ ಚಾನೆಲ್ ನೋಡುತ್ತಾರೆಂದು ಅಳೆಯುವ ಪೆಟ್ಟಿಗೆಯೊಂದನ್ನು ಹುಬ್ಬಳ್ಳಿಯ ದರ್ಜಿ ಗಿರಿಜವ್ವನ ಟಿವಿಗೆ ಕೂರಿಸಿದ್ದರು. ಸುದ್ದಿ ಚಾನೆಲ್ಲೊಂದರ ಮ್ಯಾನೇಜರಿಗೆ ಅದು ಹೇಗೋ ಗೊತ್ತಾಯಿತು. ಅವಳ ಮನೆ ಮಾಲೀಕನನ್ನೇ ಕರೆದುಕೊಂಡು ಬಂದ.

"ದಿನವಿಡೀ ನಮ್ಮ ಚಾನೆಲ್ಲೇ ಹಾಕಿರಬೇಕು. ಇಲ್ಲದಿದ್ದರೆ ಇವರು ಮನೆ ಖಾಲಿ ಮಾಡಿಸ್ತಾರೆ."

"ಆಗಲಿ ಸಾಹೇಬ್ರ," ಅಂದಳು ಗಿರಿಜವ್ವ. "ಆದ್ರ ನೋಡೋರು ಬೇಕಲ್ರಿ. ನಾ ಈ ಹೊಲಿಗಿ ಮುಗಿಸೂತನಕ ನೀವ ಕುಂತು ನೋಡ್ರಿ. ಪೆಟ್ಟಿಗಿ ಅತಿಥಿ ಬಟನ್ ಒತ್ತತೀನಿ, ಬಂದೋರು ಏನ್ ನೋಡಿದ್ರಂತ ಅದು ಬರಕೊಳ್ತೈತಿ."

ಮಾಲೀಕನ ಎದುರು ಇಲ್ಲವೆನ್ನಲಾಗದೆ ಮ್ಯಾನೇಜರ್ ಕೂತ. ಪರದೆಯ ಮೇಲೆ ಎಲ್ಲರೂ ಒಟ್ಟಿಗೇ ಕಿರುಚುತ್ತಿದ್ದರು. ಅವನು ಆಕಳಿಸಿದ, ಕಿವಿ ಉಜ್ಜಿಕೊಂಡ. ಗಿರಿಜವ್ವ ಕುಪ್ಪಸಕ್ಕೆ ತೋಳು ಹಚ್ಚುವಷ್ಟರಲ್ಲಿ ಅವನ ಕೈ ತಾನಾಗಿ ರಿಮೋಟಿಗೆ ಹೋಯಿತು. ಕ್ರಿಕೆಟ್ ಬಂತು.

"ನಿಮ್ಮ ಚಾನೆಲ್ ನಿಮಗ ನೋಡಾಕ ಆಗಲಿಲ್ಲ," ಅಂದಳು ಗಿರಿಜವ್ವ. "ಪೆಟ್ಟಿಗಿ ಅದನ್ನೂ ಬರಕೊಂತು."

ಮಾಲೀಕ ನಗು ತಡೆಯಲಾರದೆ ಕುರ್ಚಿ ಎಳೆದುಕೊಂಡ. "ಮನಿ ಖಾಲಿ ಮಾಡೂ ಮಾತು ಬಿಡವ್ವ. ಸ್ಕೋರ್ ಎಷ್ಟಾತು ನೋಡೂಣು."

ಮ್ಯಾನೇಜರ್ ಆಗಲೇ ಹೊಸ್ತಿಲಾಚೆ ಚಪ್ಪಲಿ ಹುಡುಕುತ್ತಿದ್ದ.