ಚಿಲಕ ಬಿಡದ ಎಡಗದ

ನೀಲಮ್ಮನವರ ಮನೆಯ ತಲೆಬಾಗಿಲಿಗೆ ಎರಡು ಕದಗಳು. ಬಲಗದ ದಿನವಿಡೀ ತೆರೆದು ಮುಚ್ಚುತ್ತಿತ್ತು. ಎಡಗದವೋ, ನೀಲಮ್ಮ ಚಿಲಕಕ್ಕೆ ಕೈಹಾಕಿದರೆ ಸಾಕು, ಬಿಗಿದು ನಿಲ್ಲುತ್ತಿತ್ತು.

"ತಮ್ಮಾ, ದಿನಕ್ಕೆ ನಾಲ್ಕು ಸಲವಾದರೂ ತೆರೆದು ಮುಚ್ಚಿಕೋ. ಕೀಲು ಹಿಡಿದುಕೊಂಡೀತು" ಎಂದಿತು ಬಲಗದ.

"ಅದೆಲ್ಲ ರೋಗಿಷ್ಠರಿಗೆ. ನನಗೆ ಗೆದ್ದಲಿಲ್ಲ, ಬಿರುಕಿಲ್ಲ. ಮನೆಗೆ ಸೊಸೆ ಬರುವ ದಿನ ಪೂರ್ತಿ ತೆರೆದುಕೊಳ್ಳುತ್ತೇನೆ. ಇಷ್ಟು ವರ್ಷ ತೆರೆಯದೆ ಉಳಿಸಿದ್ದನ್ನೆಲ್ಲ ಅಂದೇ ತೆರೆದು ಮುಗಿಸುತ್ತೇನೆ" ಎಂದಿತು ಎಡಗದ.

ಸೊಸೆ ಬಂದಳು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಅದನ್ನು ಒದ್ದು ಒಳಬರಲು ಅವಳು ಬಲಗಾಲೆತ್ತಿದಳು.

"ತಡಿಯವ್ವಾ, ಎರಡೂ ಕದ ತೆಗೀಲಿ!" ಎಂದರು ನೀಲಮ್ಮ.

ಒಳಗಿದ್ದ ಇಬ್ಬರು ಎಡಗದವನ್ನು ಜಗ್ಗಿದರು. ತುಕ್ಕು ತಿಂದ ಕೀಲುಗಳು ಪಟಪಟನೆ ಮುರಿದವು. ಕದ ವಾಲಾಡಿ ಧಡಾರನೆ ಹೊಸ್ತಿಲ ಮೇಲೆಯೇ ಬಿತ್ತು. ಸೇರು ಉರುಳಿ ಅಕ್ಕಿಯೆಲ್ಲ ಚೆಲ್ಲಿತು. ಸೊಸೆಯ ಕಾಲು ಗೇಣಿನ ಅಂತರದಲ್ಲಿ ಉಳಿಯಿತು.

"ಅಯ್ಯಯ್ಯೋ! ಕಲ್ಲಿನಂಗಿತ್ತಲ್ಲ ಇದು!" ನೀಲಮ್ಮ ಎದೆ ಹಿಡಿದುಕೊಂಡರು.

"ನನಗೆ ಯಾವ ರೋಗವೂ ಇರಲಿಲ್ಲವಲ್ಲ!" ಎಂದು ಎಡಗದ ಬಿದ್ದಲ್ಲಿಂದಲೇ ಚೀರಿತು.

"ಈಗಲೂ ಇಲ್ಲ" ಎಂದಿತು ಬಲಗದ. "ಎಲ್ಲಿ, ಎದ್ದು ನಿಲ್ಲು ನೋಡೋಣ."